ಇಳಿಯುವ ಲೆಕ್ಕ ಮೊದಲು

ಮಳೆ ಹಿಂದೆಗೆಯುತ್ತ ಬಂದಂತೆ ನಮ್ಮಲ್ಲಿ ಬೆಟ್ಟದ ಮಾತು ಶುರುವಾಗುತ್ತದೆ. ದಸರೆಯ ರಜೆಗೋ ದೀಪಾವಳಿಯ ರಜೆಗೋ ಎಲ್ಲಿಗಾದರೂ ಹತ್ತಿ ಬರೋಣ ಎಂದು ಮನೆಯ ಹುಡುಗರು ಹಟ ಹಿಡಿಯುತ್ತಾರೆ. ಆಫೀಸಿನವರು ವಾಟ್ಸಾಪ್ ಗುಂಪು ಕಟ್ಟುತ್ತಾರೆ. ಚಾರಣದ ಅಭ್ಯಾಸವಿರುವವರು ಸಿಕ್ಕರೆ ಅವರನ್ನು ಕೇಳುವುದು ಎರಡೇ ಪ್ರಶ್ನೆ: ಮೊದಲ ಸಲಕ್ಕೆ ಯಾವ ಬೆಟ್ಟ ಒಳ್ಳೆಯದು? ಅದು ಎಷ್ಟು ಎತ್ತರ? ಮೊದಲನೆಯದು ಕೇಳಲೇಬೇಕಾದ ಪ್ರಶ್ನೆ. ಎರಡನೆಯದರ ಉತ್ತರ ಹೊಸಬರಿಗೆ ಉಪಯೋಗಕ್ಕೆ ಬರುವುದು ಕಡಿಮೆ, ದಿಕ್ಕು ತಪ್ಪಿಸುವುದೇ ಹೆಚ್ಚು.

ಹೇಗೆ ಎಂದು ನೋಡಿ. ಕರ್ನಾಟಕದ ಅತಿ ಎತ್ತರದ ಶಿಖರ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. 1900 ಮೀಟರಿಗೂ ಮಿಕ್ಕಿದ ಎತ್ತರ. ಆದರೆ ತುದಿಯ ಹತ್ತಿರದವರೆಗೂ ವಾಹನ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಅಜ್ಜ ಅಜ್ಜಿಯರೂ ಕೈಹಿಡಿದು ಹತ್ತಿ ಬರುತ್ತಾರೆ. ಕುಮಾರ ಪರ್ವತ ಅದಕ್ಕಿಂತ ಗಿಡ್ಡ, 1712 ಮೀಟರ್. ಅದನ್ನು ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದವರನ್ನು ಮಾತ್ರ ಕೇಳಿ ನೋಡಿ, ಮೊಣಕಾಲು ಮುಟ್ಟಿಕೊಂಡೇ ಉತ್ತರ ಕೊಡುತ್ತಾರೆ. ಕುಕ್ಕೆ ಇರುವುದು ಸಮುದ್ರಮಟ್ಟದಿಂದ 120 ಮೀಟರಿನ ಆಸುಪಾಸಿನಲ್ಲಿ. ಅಂದರೆ ಅಲ್ಲಿ ಕಾಲು ಹತ್ತಬೇಕಾದ ಏರು ಹತ್ತಿರ ಹತ್ತಿರ 1600 ಮೀಟರ್. ಶಿಖರದ ಎತ್ತರ ಭೂಗೋಳದ ಪುಸ್ತಕಕ್ಕೆ ಬೇಕು. ನಮ್ಮ ಕಾಲಿಗೆ ಬೇಕಾದದ್ದು, ಎಲ್ಲಿಂದ ನಡಿಗೆ ಶುರು, ಕತ್ತಲಾಗುವ ಹೊತ್ತಿಗೆ ಎಲ್ಲಿರುತ್ತೇವೆ ಎಂಬ ಎರಡು ಸಂಗತಿ.

ಇವತ್ತು ಹೊಸಬರಿಗೆ ಹೇಳಬೇಕೆಂದುಕೊಂಡಿರುವ ಬೆಟ್ಟ ಕೊಡಗಿನ ತಡಿಯಂಡಮೋಳ್. 1748 ಮೀಟರ್, ಕೊಡಗು ಜಿಲ್ಲೆಯಲ್ಲಿ ಅದಕ್ಕಿಂತ ಎತ್ತರದ ಶಿಖರ ಇಲ್ಲ. ಕುಮಾರ ಪರ್ವತಕ್ಕಿಂತ 36 ಮೀಟರ್ ಹೆಚ್ಚೇ. ಆದರೂ ಮೊದಲ ಚಾರಣಕ್ಕೆ ಇದನ್ನು ಧೈರ್ಯವಾಗಿ ಹೇಳಬಹುದು. ಕಾರಣ, ಕಕ್ಕಬ್ಬೆಯ ಹತ್ತಿರದ ನಾಲ್ಕುನಾಡು ಅರಮನೆಯಿಂದ ಹೊರಟರೆ ಏರಬೇಕಾದದ್ದು ಸುಮಾರು 700 ಮೀಟರ್ ಮಾತ್ರ. ಹೋಗಿ ಬರಲು ಸುಮಾರು 14 ಕಿಲೋಮೀಟರ್. ಬೆಳಿಗ್ಗೆ ಹೊರಟು ಹಗಲಿನಲ್ಲೇ ಮುಗಿಸಿ ಬರಬಹುದಾದ ದಾರಿ. ಮೇಲೆ ಡೇರೆ ಹಾಕಿ ರಾತ್ರಿ ಕಳೆಯಲು ಅರಣ್ಯ ಇಲಾಖೆ ಬಿಡುವುದಿಲ್ಲ. ಆದ್ದರಿಂದ ಹಗಲಿನಲ್ಲೇ ಮುಗಿಸಿ ಬರಲೇಬೇಕಾದ ದಾರಿಯೂ ಹೌದು.

ಇಲ್ಲಿಂದಲೇ ನನ್ನ ಮಾತಿನ ತಿರುಳು ಶುರು. ಬೆಟ್ಟದ ಯೋಜನೆಯನ್ನು ಬೆಳಗಿನಿಂದ ಹಾಕಬೇಡಿ, ಸಂಜೆಯಿಂದ ಹಾಕಿ. ನಮ್ಮ ಮದುವೆಮನೆಗಳಲ್ಲಿ ಹೀಗೇ ತಾನೆ ಮಾಡುವುದು? ಮುಹೂರ್ತ ಹತ್ತೂ ಇಪ್ಪತ್ತಕ್ಕೆ ಎಂದರೆ ಅಲ್ಲಿಂದ ಹಿಂದಕ್ಕೆ ಲೆಕ್ಕ. ಅಡಿಗೆಯವರು ಎಷ್ಟು ಹೊತ್ತಿಗೆ ಒಲೆ ಹಚ್ಚಬೇಕು, ಗಂಡಿನವರ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಹೂವಿನವನಿಗೆ ಯಾವತ್ತು ಹೇಳಬೇಕು. ಬೆಟ್ಟದಲ್ಲಿ ಮುಹೂರ್ತ ಅಂದರೆ ಸೂರ್ಯಾಸ್ತ. ಅದನ್ನು ಮುಂದಕ್ಕೆ ಹಾಕಿಸಲು ಯಾವ ಪುರೋಹಿತರಿಂದಲೂ ಆಗುವುದಿಲ್ಲ.

ನವೆಂಬರ್ ಡಿಸೆಂಬರಿನಲ್ಲಿ ಕೊಡಗಿನಲ್ಲಿ ಸಂಜೆ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ. ಬಯಲಿನಲ್ಲಿ ಅದರ ನಂತರವೂ ಸ್ವಲ್ಪ ಹೊತ್ತು ದಾರಿ ಕಾಣುತ್ತದೆ. ಮರಗಳ ಅಡಿಯಲ್ಲಿ ಹಾಗಲ್ಲ, ಐದೂವರೆಗೇ ಬೇರು ಯಾವುದು ಕಲ್ಲು ಯಾವುದು ತಿಳಿಯುವುದಿಲ್ಲ. ಯಾರಿಗೋ ಕಾಲು ಉಳುಕಿತು, ಯಾರಿಗೋ ಸುಸ್ತಾಯಿತು ಎಂದರೆ ಕೈಯಲ್ಲಿ ಎರಡು ಗಂಟೆ ಬೆಳಕು ಉಳಿದಿರಬೇಕು. ಹಾಗಾಗಿ ಅರಮನೆಯ ಹತ್ತಿರ ವಾಪಸು ಬಂದು ನಿಲ್ಲುವ ಹೊತ್ತು ಸಂಜೆ ನಾಲ್ಕು ಎಂದು ಮೊದಲು ಬರೆದುಕೊಳ್ಳಿ.

ಈಗ ಹಿಂದಕ್ಕೆ ಬನ್ನಿ. ಇಳಿಯಲು ಹೊಸಬರಿಗೆ ಮೂರು ಗಂಟೆ ಬೇಕು. ಅಂದರೆ ಶಿಖರದಿಂದ ಮಧ್ಯಾಹ್ನ ಒಂದಕ್ಕೆ ಹೊರಡಬೇಕು. ಮೇಲೆ ಕೂತು ಬುತ್ತಿ ಬಿಚ್ಚಲು, ಉಸಿರು ಬಿಡಲು, ಫೋಟೋ ತೆಗೆಯಲು ಮುಕ್ಕಾಲು ಗಂಟೆ. ಹನ್ನೆರಡೂ ಕಾಲಿಗೆ ತುದಿಯಲ್ಲಿರಬೇಕು ಎಂದಾಯಿತು. ಹತ್ತಲು ಎಷ್ಟು ಬೇಕು? ಇದಕ್ಕೊಂದು ಹಳೆಯ ಸೂತ್ರ ಇದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. ಇಂದಿಗೂ ಚಾರಣಿಗರು ಬಳಸುತ್ತಾರೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಬೆಟ್ಟಕ್ಕೆ ಹಾಕಿದರೆ 7 ಕಿಲೋಮೀಟರಿಗೆ ಸುಮಾರು 1 ಗಂಟೆ 25 ನಿಮಿಷ, 700 ಮೀಟರ್ ಏರಿಗೆ 1 ಗಂಟೆ 10 ನಿಮಿಷ. ಒಟ್ಟು ಎರಡೂವರೆ ಗಂಟೆಗೆ ಸ್ವಲ್ಪ ಮೇಲೆ. ಇದು ನಡೆದು ನಡೆದು ಪಳಗಿದ ಕಾಲಿನ ಲೆಕ್ಕ. ಹೊಸಬರು ಇದರ ಒಂದೂವರೆ ಪಟ್ಟು ಇಟ್ಟುಕೊಳ್ಳಬೇಕು. ನಾಲ್ಕು ಗಂಟೆ. ಅಂದಮೇಲೆ ಅರಮನೆಯಿಂದ ಎಂಟೂ ಕಾಲರೊಳಗೆ ಕಾಲು ಕೀಳಲೇಬೇಕು. ಏಳೂವರೆಗೆ ಹೊರಟರೆ ಇನ್ನೂ ಒಳ್ಳೆಯದು. ಗೇಟು ತೆರೆಯುವ ಹೊತ್ತು, ಕೊನೆಯವರನ್ನು ಒಳಬಿಡುವ ಹೊತ್ತು ಇವನ್ನು ಅರಣ್ಯ ಇಲಾಖೆಯವರು ಗೊತ್ತುಮಾಡುತ್ತಾರೆ. ಅದು ಬದಲಾಗುವುದುಂಟು, ಮುಂಚೆಯೇ ಕೇಳಿ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇದೇ ಸೂತ್ರವನ್ನು ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹಾಕಿ ನೋಡಿ. ಸುಮಾರು 13 ಕಿಲೋಮೀಟರ್, 1600 ಮೀಟರ್ ಏರು. ಪಳಗಿದವರಿಗೇ ಐದು ಗಂಟೆಗೆ ಮೇಲೆ, ಹೊಸಬರಿಗೆ ಎಂಟು ಗಂಟೆ, ಅದೂ ಹತ್ತುವುದಕ್ಕೆ ಮಾತ್ರ. ಇಳಿಯಲು ಹಗಲೇ ಉಳಿಯುವುದಿಲ್ಲ. ಆ ಬೆಟ್ಟ ನಿಮಗೆ ಈಗಲೇ ಬೇಡ ಎಂದು ನಾನು ಬುದ್ಧಿ ಹೇಳಬೇಕಾಗಿಲ್ಲ. ಲೆಕ್ಕವೇ ಹೇಳಿಬಿಡುತ್ತದೆ.

ಬೆಳಿಗ್ಗೆ ಏಳೂವರೆಗೆ ಅರಮನೆಯ ಮುಂದೆ ಇರಬೇಕು ಎಂದಾದ ಮೇಲೆ ಪ್ರಯಾಣದ ವಿಷಯವೂ ತಾನೇ ತೀರ್ಮಾನವಾಗುತ್ತದೆ. ಬೆಂಗಳೂರಿನವರಲ್ಲಿ ಒಂದು ರೂಢಿ ಬೆಳೆದಿದೆ. ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಬಸ್ಸು ಹತ್ತುವುದು, ಕುತ್ತಿಗೆ ವಾಲಿಸಿಕೊಂಡು ಅರೆನಿದ್ದೆ ಮಾಡುವುದು, ಬೆಳಗಿನ ಜಾವ ವಿರಾಜಪೇಟೆಯಲ್ಲೋ ಮಡಿಕೇರಿಯಲ್ಲೋ ಇಳಿದು ಹಲ್ಲುಜ್ಜಿ ಬೆಟ್ಟಕ್ಕೆ ನುಗ್ಗುವುದು, ಅದೇ ರಾತ್ರಿ ವಾಪಸು. ಹತ್ತುವಾಗ ಹುರುಪಿನಲ್ಲಿ ನಿದ್ದೆಗೆಟ್ಟದ್ದು ಗೊತ್ತಾಗುವುದಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ, ಇಳಿಜಾರಿನಲ್ಲಿ, ಕಾಲು ಇಟ್ಟ ಕಡೆ ನಿಲ್ಲದಿದ್ದಾಗ ಗೊತ್ತಾಗುತ್ತದೆ. ಸ್ವಂತ ಕಾರಿನಲ್ಲಿ ಬಂದು, ಬೆಟ್ಟ ಇಳಿದ ಆಯಾಸದಲ್ಲೇ ರಾತ್ರಿ ಗಾಡಿ ಓಡಿಸುವುದಂತೂ ಬೆಟ್ಟಕ್ಕಿಂತ ಅಪಾಯದ ಕೆಲಸ. ಒಂದು ದಿನ ರಜೆ ಹಾಕಿ. ಶುಕ್ರವಾರ ಹಗಲಿನಲ್ಲಿ ಬಂದು ಕಕ್ಕಬ್ಬೆಯ ಸುತ್ತಮುತ್ತಲ ಹೋಂಸ್ಟೇಯೊಂದರಲ್ಲಿ ಮಲಗಿ, ಶನಿವಾರ ಹತ್ತಿ ಇಳಿದು, ಅಲ್ಲೇ ಇನ್ನೊಂದು ರಾತ್ರಿ ಕಳೆದು ಭಾನುವಾರ ಹೊರಡಿ. ಪುತ್ತರಿ ಹಬ್ಬದ ಆಸುಪಾಸಿನಲ್ಲಿ ಹೋಗುವುದಾದರೆ ಮಾತ್ರ ಹೋಂಸ್ಟೇಯ ಮನೆಯವರನ್ನು ಮೊದಲೇ ಕೇಳಿ. ಕೊಡಗಿಗೆಲ್ಲ ಪುತ್ತರಿಯ ದಿನ ಗೊತ್ತುಮಾಡುವುದು ಅದೇ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ. ಹೊಸ ಭತ್ತದ ಕದಿರು ಮನೆಗೆ ತರುವ ಸಂಭ್ರಮದಲ್ಲಿರುವವರಿಗೆ ನಿಮ್ಮ ಬೆಳಗಿನ ತಿಂಡಿಯ ಚಿಂತೆ ಕೊಡುವುದು ಬೇಡ.

ಶುಕ್ರವಾರ ಸಂಜೆ ಬಿಡುವಿದ್ದರೆ ಅರಮನೆಯನ್ನು ನೋಡಿಬಿಡಿ. ಚಾರಣದ ದಿನ ಅದಕ್ಕೆ ಹೊತ್ತು ಸಿಗುವುದಿಲ್ಲ. 1790ರ ದಶಕದಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಎರಡಂತಸ್ತಿನ ಮನೆ ಅದು. ಮರದ ಕೆತ್ತನೆಯ ಕಂಬ, ಗೋಡೆಯ ಮೇಲೆ ಮಾಸಿದ ಚಿತ್ರ, ಮುಂದೆ ಪುಟ್ಟದೊಂದು ಮಂಟಪ. ಅರಮನೆ ಎಂಬ ಮಾತಿಗೆ ನಾವು ಕಲ್ಪಿಸಿಕೊಳ್ಳುವ ವೈಭವ ಇಲ್ಲ. ಬೆನ್ನಿಗೆ ಬೆಟ್ಟ, ಸುತ್ತ ಕಾಡು, ಶತ್ರು ಸುಲಭವಾಗಿ ಬರಲಾಗದ ಜಾಗ ಎಂಬುದೇ ಅದರ ಹೆಚ್ಚುಗಾರಿಕೆ. 1834ರಲ್ಲಿ ಇಂಗ್ಲಿಷರ ಪಡೆ ಕೊಡಗಿನೊಳಗೆ ಬಂದಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಆಶ್ರಯ ಪಡೆದದ್ದೂ ಇಲ್ಲೇ.

ಇನ್ನು ತಿಂಗಳು. ಜೂನಿನಿಂದ ಸೆಪ್ಟೆಂಬರಿನ ತನಕ ಆ ಕಡೆ ತಲೆಹಾಕಬೇಡಿ. ನೈಋತ್ಯ ಮಾರುತ ಮೊದಲು ಬಂದು ಅಪ್ಪಳಿಸುವುದು ಈ ಬೆಟ್ಟಸಾಲಿಗೇ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಊರುಗಳೇ ಕೊಚ್ಚಿಹೋದದ್ದು, 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಗುಡ್ಡ ಜರಿದದ್ದು ನಿಮಗೆ ನೆನಪಿರಬಹುದು. ಆ ತಿಂಗಳುಗಳಲ್ಲಿ ಜಿಲ್ಲಾಡಳಿತ ಚಾರಣ ನಿಲ್ಲಿಸಿದರೆ ಗೊಣಗದೆ ಒಪ್ಪಿಕೊಳ್ಳಬೇಕು. ಅಕ್ಟೋಬರಿನಲ್ಲಿ ಮಳೆ ಇಳಿದಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಮಧ್ಯಾಹ್ನದ ಮೇಲೆ ಗುಡುಗು ಬರುವುದು ಹೆಚ್ಚು. ಹುಲ್ಲುಗಾವಲಿನ ಬೋಳು ನೆತ್ತಿಯ ಮೇಲೆ ಮಿಂಚು ಹೊಡೆಯುವಾಗ ನಿಂತಿರಬಾರದು. ಒಂದು ಗಂಟೆಗೆ ಶಿಖರ ಬಿಡಬೇಕು ಎಂಬುದಕ್ಕೆ ಇದೂ ಒಂದು ಕಾರಣ. ನವೆಂಬರಿನಿಂದ ಜನವರಿಯ ತನಕ ಹೊಸಬರಿಗೆ ಹೇಳಿಮಾಡಿಸಿದ ಕಾಲ. ಹಸಿರೂ ಇರುತ್ತದೆ, ನೆಲವೂ ಗಟ್ಟಿಯಾಗಿರುತ್ತದೆ. ಫೆಬ್ರವರಿ ಕಳೆದರೆ ಹುಲ್ಲೆಲ್ಲ ಒಣಗಿ ನಿಲ್ಲುತ್ತದೆ. ಒಂದು ಬೀಡಿಯ ತುಂಡಿಗೆ ಗುಡ್ಡಕ್ಕೆ ಗುಡ್ಡವೇ ಹತ್ತಿ ಉರಿಯುವ ಕಾಲ ಅದು. ಕಾಳ್ಗಿಚ್ಚಿನ ಭಯಕ್ಕೆ ಇಲಾಖೆ ದಾರಿ ಮುಚ್ಚುವುದುಂಟು.

ಅನುಮತಿಯ ವಿಷಯ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲುರಜೆಗೆ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೀರಿ. ಅದಾದ ಮೇಲೆ ರಾಜ್ಯದ ಚಾರಣದ ದಾರಿಗಳಿಗೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದಿತು. ಒಂದು ದಾರಿಗೆ ದಿನಕ್ಕೆ ಇಂತಿಷ್ಟೇ ಜನ ಎಂದು ಮಿತಿ ಹಾಕಿತು. ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ದಿನ ನೋಡಿ, ಹಣ ಕಟ್ಟಿ, ಚೀಟಿಯನ್ನು ಫೋನಿನಲ್ಲಿ ಇಟ್ಟುಕೊಳ್ಳುವುದರ ಜೊತೆಗೆ ಕಾಗದದ ಮೇಲೂ ಒಂದು ಪ್ರತಿ ಇಟ್ಟುಕೊಳ್ಳಿ. ಕಕ್ಕಬ್ಬೆಯಿಂದ ಮುಂದೆ ಫೋನಿಗೆ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಗುರುತಿನ ಚೀಟಿ ಎಲ್ಲರ ಕೈಯಲ್ಲೂ ಇರಲಿ. ಚೆಕ್‌ಪೋಸ್ಟಿನಲ್ಲಿ ಪುಸ್ತಕದಲ್ಲಿ ಹೆಸರು ಬರೆಸುವುದನ್ನು ಕಾಟ ಎಂದುಕೊಳ್ಳಬೇಡಿ. ಎಷ್ಟು ಜನ ಒಳಹೋದರು, ಎಷ್ಟು ಜನ ಹೊರಬಂದರು ಎಂಬ ಲೆಕ್ಕ ಇರುವುದು ಆ ಪುಸ್ತಕದಲ್ಲಿ ಮಾತ್ರ.

ಯಾರು ಯಾರು ಹೋಗುವುದು? ನಾಲ್ಕರಿಂದ ಆರು ಜನ ಒಳ್ಳೆಯ ಗುಂಪು. ಒಬ್ಬರಿಗೆ ಏನಾದರೂ ಆದರೆ ಒಬ್ಬರು ಜೊತೆಗೆ ಕೂತು, ಇಬ್ಬರು ಕೆಳಗೆ ಹೋಗಿ ಸಹಾಯ ತರಬಹುದು. ಇಪ್ಪತ್ತು ಜನರಾದರೆ ಮುಂದಿನವರು ತುದಿಯಲ್ಲಿ, ಹಿಂದಿನವರು ಇನ್ನೂ ಕೆಳಗೆ, ನಡುವಿನವರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ, ಅವರು ಮುಂದೆ ಇರಬೇಕು. ಹಿಂದೆ ಬಿಟ್ಟರೆ ಆಗುವುದೇನು ಗೊತ್ತೆ? ಮುಂದಿನವರು ಹತ್ತು ನಿಮಿಷ ಕೂತು ಕಾಯುತ್ತಾರೆ, ಹಿಂದಿನವರು ಏದುಸಿರು ಬಿಡುತ್ತ ಬಂದು ತಲುಪುತ್ತಾರೆ, ತಲುಪಿದ ಕೂಡಲೇ ಮುಂದಿನವರು ಎದ್ದು ಹೊರಡುತ್ತಾರೆ. ದಣಿದವರಿಗೇ ವಿಶ್ರಾಂತಿ ಇಲ್ಲ. ಅತ್ತೆಯೋ ಚಿಕ್ಕಪ್ಪನೋ ಬರುತ್ತೇನೆಂದರೆ ಬೇಡ ಎನ್ನಬೇಡಿ, ಅವರ ಹೆಜ್ಜೆಗೆ ನಿಮ್ಮ ಗಡಿಯಾರ ಹೊಂದಿಸಿಕೊಳ್ಳಿ. ಎದೆಯ ತೊಂದರೆ, ದಮ್ಮು, ಮೊಣಕಾಲಿನ ಹಳೆಯ ಪೆಟ್ಟು ಇರುವವರು ಡಾಕ್ಟರನ್ನು ಕೇಳಿಯೇ ಹೊರಡಬೇಕು. ಊರಿನ ದಾರಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡರೆ ಖರ್ಚು ಹೆಚ್ಚೇನಲ್ಲ, ನಿಶ್ಚಿಂತೆ ಹೆಚ್ಚು.

ತಯಾರಿಯೂ ಇಳಿಯುವ ಕಡೆಯಿಂದಲೇ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತ ಮೈಯನ್ನು ಮೇಲಕ್ಕೆ ಎತ್ತುತ್ತದೆ. ದಣಿವಾಗುವುದು ಎದೆಗೆ, ಉಸಿರಿಗೆ. ಎರಡು ನಿಮಿಷ ನಿಂತರೆ ಸರಿಹೋಗುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಇದರಿಂದ ಸಣ್ಣ ಸಣ್ಣ ಪೆಟ್ಟಾಗುತ್ತದೆ. ಕಾಲು ನಡುಗುವುದು, ಮಾರನೆಯ ದಿನ ಮೆಟ್ಟಿಲಿಳಿಯಲಾಗದೆ ಗೋಡೆ ಹಿಡಿಯುವುದು, ಎಲ್ಲ ಇದರ ಫಲ. ಒಂದು ತಿಂಗಳು ಮುಂಚಿನಿಂದ ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ ಇಳಿಯಿರಿ. ಮೈಸೂರಿನವರಿಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಇದೆ. ಅಲ್ಲಿ ಎಷ್ಟೋ ಜನ ಬೆಳಿಗ್ಗೆ ಮೆಟ್ಟಿಲು ಹತ್ತಿ, ದರ್ಶನ ಮಾಡಿ, ಬಸ್ಸಿನಲ್ಲಿ ಇಳಿದುಬರುತ್ತಾರೆ. ಚಾರಣಕ್ಕೆ ಹೊರಟವರು ಬಸ್ಸಿನ ಆಸೆ ಬಿಡಬೇಕು. ಬೆಂಗಳೂರಿನವರಿಗೆ ಅಪಾರ್ಟ್‌ಮೆಂಟಿನ ಮೆಟ್ಟಿಲೇ ಸಾಕು. ಲಿಫ್ಟನ್ನು ಒಂದು ತಿಂಗಳು ಮರೆತರಾಯಿತು. ಹೊಸ ಬೂಟು ಕೊಳ್ಳುವುದಾದರೆ ಈಗಲೇ ಕೊಂಡು ಈ ಅಭ್ಯಾಸದಲ್ಲೇ ಪಳಗಿಸಿ. ಅಡಿ ಸವೆದ ಶೂ, ಚಪ್ಪಲಿ ಬೇಡ. ಹೊರಡುವ ಮುಂಚೆ ಕಾಲ್ಬೆರಳಿನ ಉಗುರು ಕತ್ತರಿಸಿಕೊಳ್ಳಿ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಬೂಟಿನ ತುದಿಗೆ ಒತ್ತಿ ಕಪ್ಪಗಾಗುತ್ತದೆ.

ಚೀಲದಲ್ಲಿ ಏನೇನು? ಒಬ್ಬೊಬ್ಬರಿಗೆ ಎರಡೂವರೆಯಿಂದ ಮೂರು ಲೀಟರ್ ನೀರು. ಶಿಖರದಿಂದ ಹೊರಡುವಾಗ ಬಾಟಲಿಯಲ್ಲಿ ಒಂದು ಲೀಟರಾದರೂ ಉಳಿದಿರಬೇಕು ಎಂಬುದನ್ನು ನಿಯಮ ಮಾಡಿಕೊಳ್ಳಿ. ಮಧ್ಯಾಹ್ನದ ಬಿಸಿಲಿನಲ್ಲಿ ಇಳಿಯುವಾಗಲೇ ಬಾಯಿ ಹೆಚ್ಚು ಒಣಗುವುದು. ಒಂದೆರಡು ಪೊಟ್ಟಣ ಓಆರ್‌ಎಸ್. ಬುತ್ತಿಗೆ ಚಪಾತಿ ಪಲ್ಯ, ಅಕ್ಕಿರೊಟ್ಟಿ ಚಟ್ನಿಪುಡಿ, ಪುಳಿಯೋಗರೆ ಯಾವುದಾದರೂ ಆದೀತು; ಜೊತೆಗೆ ಕಡಲೆಬೀಜದ ಚಿಕ್ಕಿ, ಬಾಳೆಹಣ್ಣು, ಖರ್ಜೂರ. ಒಂದೇ ಸಲಕ್ಕೆ ಹೊಟ್ಟೆ ಬಿರಿಯ ತಿನ್ನುವುದಕ್ಕಿಂತ ಗಂಟೆಗೊಮ್ಮೆ ಚೂರು ಚೂರು ತಿನ್ನುವುದು ಮೇಲು. ಎತ್ತರ ಹೆಚ್ಚಿದಂತೆ 1000 ಮೀಟರಿಗೆ ಸುಮಾರು 6 ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಅರಮನೆಗೂ ತುದಿಗೂ ನಾಲ್ಕು ಡಿಗ್ರಿ ವ್ಯತ್ಯಾಸ. ಬೆವರಿದ ಮೈಗೆ ಗಾಳಿ ಬಡಿದರೆ ಅದು ಹತ್ತರಂತೆ ಅನ್ನಿಸುತ್ತದೆ. ಅದಕ್ಕೇ ಒಂದು ಜರ್ಕಿನ್, ಒಂದು ರೇನ್‌ಕೋಟು. ಬೇಗ ಬರುತ್ತೇವಲ್ಲ ಎಂದು ಟಾರ್ಚು ಬಿಟ್ಟು ಹೋಗಬೇಡಿ. ಬೇಗ ಬರಲಾಗದ ದಿನಕ್ಕೇ ಅದು ಬೇಕಾಗುವುದು. ಫೋನಿನ ಬೆಳಕನ್ನು ನಂಬಿಕೊಂಡರೆ ಬೆಳಕೂ ಹೋಗುತ್ತದೆ, ಫೋನೂ ಹೋಗುತ್ತದೆ. ಒಂದು ಸೀಟಿ, ಬ್ಯಾಂಡೇಜು, ಕಾಲಿಗೆ ಸುತ್ತುವ ಪಟ್ಟಿ, ನಿಮ್ಮ ದಿನದ ಮಾತ್ರೆಗಳು. ಇಳಿಯುವಾಗ ಊರಲು ಒಂದು ಕೋಲು. ಇಷ್ಟು ಸಾಕು. ಸ್ಪೀಕರು, ಮದ್ಯದ ಬಾಟಲಿ, ಬಿಸಾಡುವ ತಟ್ಟೆ ಲೋಟ ಮನೆಯಲ್ಲೇ ಇರಲಿ. ಹೊತ್ತೊಯ್ದ ಪ್ಲಾಸ್ಟಿಕ್ಕೆಲ್ಲ ಖಾಲಿಯಾದ ಮೇಲೆ ಹಗುರವೇ ಆಗಿರುತ್ತದೆ, ವಾಪಸು ತರಲು ಕಷ್ಟವೇನು?

ಜಿಗಣೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಳೆಯ ಪಸೆ ಇರುವ ತನಕ ಜಿಗಣೆ ಇರುತ್ತದೆ. ಸಾಕ್ಸಿನೊಳಗೆ ಪ್ಯಾಂಟಿನ ತುದಿ ಸೇರಿಸಿಕೊಳ್ಳಿ. ಉಪ್ಪಿನ ಪುಟ್ಟ ಗಂಟೊಂದು ಜೇಬಿನಲ್ಲಿರಲಿ. ಕಚ್ಚಿದರೆ ಹೆದರಬೇಕಾದದ್ದೇನಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಗಾಯದೊಳಗೆ ಬಿಟ್ಟಿರುತ್ತದೆ, ಆದ್ದರಿಂದ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ, ಅಷ್ಟೆ. ತೊಳೆದು ಒತ್ತಿ ಹಿಡಿಯಿರಿ. ಜಿಗಣೆಯನ್ನು ಹುಡುಕಲು ಎರಡು ನಿಮಿಷಕ್ಕೊಮ್ಮೆ ನಿಲ್ಲುವುದರಿಂದ ಅದಕ್ಕೇ ಅನುಕೂಲ.

ಈಗ ದಾರಿ. ಅರಮನೆಯಿಂದ ಮೊದಲ ಭಾಗ ಕಾಫಿ ತೋಟಗಳ ನಡುವಿನ ರಸ್ತೆ. ಎರಡೂ ಕಡೆ ಕಾಫಿ ಗಿಡ, ಮೇಲೆ ನೆರಳಿನ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ನವೆಂಬರ್ ಡಿಸೆಂಬರಿನಲ್ಲಿ ಹಣ್ಣು ಕೆಂಪಾಗಿರುತ್ತದೆ. ಕೀಳಬೇಡಿ, ಅದು ಒಬ್ಬರ ವರ್ಷದ ದುಡಿಮೆ. ರಸ್ತೆ ಚೆನ್ನಾಗಿದೆ ಎಂದು ಹೊಸಬರು ಇಲ್ಲಿ ಬಿರುಸಾಗಿ ನಡೆದುಬಿಡುತ್ತಾರೆ. ಬೇಡ. ಮಾತಾಡುತ್ತ ನಡೆಯಲು ಆಗುವಷ್ಟೇ ವೇಗ ಇರಲಿ. ಮಾತು ತುಂಡಾಯಿತು ಎಂದರೆ ಹೆಜ್ಜೆ ನಿಧಾನ ಮಾಡಿ.

ಇಲಾಖೆಯ ಗೇಟು ದಾಟಿದ ಮೇಲೆ ಕಾಡು. ತೊರೆಯ ಸದ್ದು ಕೇಳಿಸುತ್ತದೆ. ಬೆಳಗಿನ ಹೊತ್ತಾದರೆ ಸಿಳ್ಳೆಗಾರ ಹಕ್ಕಿ ಯಾರೋ ಹುಡುಗ ಸುಮ್ಮನೆ ಶಿಳ್ಳೆ ಹಾಕಿಕೊಂಡು ಹೋದ ಹಾಗೆ ಹಾಡುವುದೂ ಕೇಳಿಸೀತು. ಇದು ಆನೆಗಳು ಓಡಾಡುವ ಕಾಡು. ದಾರಿಯಲ್ಲಿ ಲದ್ದಿ ಕಂಡರೆ, ಅದು ಹಸಿಯಾಗಿದ್ದರೆ, ಬಿದಿರೋ ಕೊಂಬೆಯೋ ಮುರಿಯುವ ಸದ್ದು ಕೇಳಿದರೆ ಮುಂದೆ ಹೋಗಬೇಡಿ. ಮೆಲ್ಲಗೆ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ. “ಇವತ್ತು ಆ ಕಡೆ ಆನೆ ಇದೆ ಸಾರ್, ಬೇಡ” ಎಂದು ಇಲಾಖೆಯ ವಾಚರ್ ಹೇಳಿದರೆ ಆ ದಿನದ ಚಾರಣ ಅಲ್ಲಿಗೇ ಮುಗಿಯಿತು. ಅವರ ಜೊತೆ ವಾದಕ್ಕೆ ನಿಲ್ಲಬೇಡಿ.

ಕಾಡು ದಾಟಿದರೆ ಬಯಲಾಗಿ ಬಿಚ್ಚಿಕೊಳ್ಳುವ ಹುಲ್ಲುಗಾವಲು, ಅಲ್ಲೊಂದು ದೊಡ್ಡ ಬಂಡೆ. ಸಾಮಾನ್ಯವಾಗಿ ಎಲ್ಲರೂ ಕೂರುವ ಜಾಗ. ಇಲ್ಲಿಂದ ಶಿಖರ ಕಾಣುತ್ತದೆ. ಬೆಟ್ಟದ ಮೈ ನೋಡಿ: ಬೆನ್ನೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಡುಹಸಿರು ಕಾಡು. ಶೋಲಾ ಎನ್ನುವುದು ಆ ಕಾಡನ್ನೇ. ಏಣಿನ ಮೇಲೆ ಮಣ್ಣು ತೆಳು, ಗಾಳಿ ಜೋರು. ಅಲ್ಲಿ ಮರ ನಿಲ್ಲುವುದು ಕಷ್ಟ, ಹುಲ್ಲು ನಿಲ್ಲುತ್ತದೆ. ಕಣಿವೆಯ ಮಡಿಕೆಯಲ್ಲಿ ಮಣ್ಣು ಆಳ, ತೇವ ಹೆಚ್ಚು, ಗಾಳಿಗೆ ಮರೆ. ಅಲ್ಲಿ ಗಿಡ್ಡ ಗಿಡ್ಡ ಮರಗಳು ಪಾಚಿ ಹೊದ್ದು ಒತ್ತಾಗಿ ಬೆಳೆಯುತ್ತವೆ. ಮಳೆಗಾಲದಲ್ಲಿ ಹೀರಿದ ನೀರನ್ನು ಈ ಹುಲ್ಲು ಮತ್ತು ಶೋಲಾ ಸೇರಿ ಬೇಸಿಗೆಯವರೆಗೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಪೂರ್ವಕ್ಕೆ ಇಳಿದದ್ದು ಕಕ್ಕಬ್ಬೆ ಹೊಳೆ ಸೇರಿ ಕಾವೇರಿಯ ಪಾಲು. ಪಶ್ಚಿಮಕ್ಕೆ ಇಳಿದದ್ದು ಕೇರಳದ ಕಡೆ ಹರಿದು ಅರಬ್ಬಿ ಸಮುದ್ರದ ಪಾಲು. ಮೈಸೂರು, ಮಂಡ್ಯ, ಬೆಂಗಳೂರಿನಲ್ಲಿ ನೀವು ಕುಡಿಯುವ ನೀರಿನ ಒಂದು ಹನಿ ಈ ಹುಲ್ಲಿನ ಬುಡದಿಂದ ಹೊರಟಿದ್ದರೂ ಇರಬಹುದು. ಆದ್ದರಿಂದ ಇರುವ ಕಾಲುದಾರಿಯಲ್ಲೇ ನಡೆಯಿರಿ. ಅಡ್ಡದಾರಿ ಮಾಡಿಕೊಂಡು ಹುಲ್ಲು ತುಳಿದರೆ ಅದೇ ಜಾಡಿನಲ್ಲಿ ಮುಂದಿನ ಮಳೆಗೆ ಮಣ್ಣು ಕೊಚ್ಚುತ್ತದೆ.

ಕೊನೆಯ ಭಾಗವೇ ಕಡಿದು. ಶೋಲಾ ಕಾಡಿನೊಳಗೆ ಬೇರುಗಳ ಮೇಲೆ, ಸಡಿಲ ಮಣ್ಣಿನ ಮೇಲೆ ನೆಟ್ಟನೆಯ ಏರು. ದೂರ ಹೆಚ್ಚಿಲ್ಲ, ಹೊತ್ತು ಮಾತ್ರ ಹಿಡಿಯುತ್ತದೆ. ಇನ್ನೇನು ಬಂತು ಎಂಬ ಆಸೆ ಗಡಿಯಾರವನ್ನು ಮರೆಸುವುದೂ ಇಲ್ಲೇ. ಆದ್ದರಿಂದ ಹಿಂದಿನ ರಾತ್ರಿ ಊಟ ಮಾಡುತ್ತ ಒಂದು ತೀರ್ಮಾನ ಮಾಡಿಕೊಳ್ಳಿ: ಎಲ್ಲೇ ಇದ್ದರೂ ಒಂದು ಗಂಟೆಗೆ ತಿರುಗುವುದು. ಶಿಖರ ಐವತ್ತು ಮಾರು ದೂರ ಇದ್ದರೂ ಸರಿ. ಗಡಿಯಾರ ನೋಡುವ ಕೆಲಸವನ್ನು ಗುಂಪಿನ ಉತ್ಸಾಹಿಗೆ ಕೊಡಬೇಡಿ. ಮುಲಾಜು ಇಲ್ಲದೆ ಮಾತಾಡುವವರಿಗೆ ಕೊಡಿ; ಪ್ರತಿ ಮನೆಯಲ್ಲೂ ಅಂಥ ಒಬ್ಬ ಅಕ್ಕನೋ ಅತ್ತಿಗೆಯೋ ಇದ್ದೇ ಇರುತ್ತಾರೆ. ಅವರು ‘ಸಾಕು, ಏಳಿ’ ಎಂದರೆ ಏಳಬೇಕು. ಮಂಜು ಕವಿದು ಹತ್ತು ಹೆಜ್ಜೆ ಮುಂದಿನದು ಕಾಣದಂತಾದರೆ, ಯಾರಿಗಾದರೂ ತಲೆ ಸುತ್ತಿದರೆ, ನೀರು ಅರ್ಧಕ್ಕಿಂತ ಕಡಿಮೆಯಾದರೆ ಒಂದು ಗಂಟೆಗೂ ಕಾಯಬೇಕಾಗಿಲ್ಲ.

ಲೆಕ್ಕ ಸರಿಯಾಗಿದ್ದರೆ ತುದಿ ಸಿಗುತ್ತದೆ. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಕೇರಳದ ತಗ್ಗು, ಪೂರ್ವಕ್ಕೆ ಕೊಡಗಿನ ಗದ್ದೆ, ತೋಟ, ಅಲೆ ಅಲೆಯಾಗಿ ಬೆಟ್ಟ. ಅದನ್ನು ಮಾತಿನಲ್ಲಿ ವರ್ಣಿಸಿ ಪ್ರಯೋಜನವಿಲ್ಲ, ನೀವೇ ಹೋಗಿ ನೋಡಿ. ನೋಡುವಾಗ ಬಂಡೆಯ ಅಂಚಿನಿಂದ ದೂರ ಇರಿ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ಸ್ವಲ್ಪ ಬಾಗಿರಲಿ, ಕೋಲು ಮುಂದೆ ಊರಿ, ಓಡಬೇಡಿ. ಇಳಿದ ಮೇಲೆ ಹೊತ್ತು ಮಿಕ್ಕಿತು ಎಂದು ಹತ್ತಿರದ ಚೇಲಾವರ ಜಲಪಾತಕ್ಕೆ ಹೋಗಿ ದಣಿದ ಕಾಲಿನಲ್ಲಿ ಜಾರುವ ಬಂಡೆ ಹತ್ತುವುದೂ ಬೇಡ. ಅದಕ್ಕೆ ಇನ್ನೊಂದು ದಿನ ಇಡಿ.

ಕೊನೆಗೊಂದು ಮಾತು. ನಿಮ್ಮ ಗುಂಪು ಕತ್ತಲಾದರೂ ಬರದಿದ್ದರೆ ಹುಡುಕಲು ಹೋಗುವವರು ಯಾರು? ಹಗಲೆಲ್ಲ ಗೇಟಿನಲ್ಲಿ ನಿಂತ ಅದೇ ವಾಚರ್, ತೋಟದಲ್ಲಿ ದುಡಿದು ಮನೆಗೆ ಬಂದ ಊರಿನ ಹುಡುಗರು, ಹೋಂಸ್ಟೇಯ ಯಜಮಾನರು. ಆನೆ ಓಡಾಡುವ ಕಾಡಿಗೆ ಟಾರ್ಚು ಹಿಡಿದು ಅವರು ಹೋಗಬೇಕು, ಅವರ ಮನೆಯವರು ಬಾಗಿಲಲ್ಲಿ ಕಾಯಬೇಕು. ನಾಲ್ಕು ಗಂಟೆ ಎಂದು ನೀವು ಮೊದಲು ಬರೆದುಕೊಂಡ ಹೊತ್ತು ಅವರಿಗೆ ಕೊಟ್ಟ ಮಾತು. ಹೊರಡುವಾಗ ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಉಳಿದುಕೊಂಡ ಮನೆಯವರಿಗೆ ಒಂದು ಚೀಟಿ ಬರೆದುಕೊಡಿ. ಬಂದ ಮೇಲೆ ಚೆಕ್‌ಪೋಸ್ಟಿನ ಪುಸ್ತಕದಲ್ಲಿ ಹೊರಬಂದ ವೇಳೆ ಬರೆಸಿ, ಆ ಮನೆಯವರಿಗೆ ‘ಎಲ್ಲರೂ ಬಂದೆವು’ ಎಂದು ತಿಳಿಸಿ. ಅಷ್ಟಾದರೆ ಚಾರಣ ಮುಗಿಯಿತು. ಆಮೇಲೆ ಬಿಸಿನೀರು, ಕಾಫಿ, ನಿದ್ದೆ ಎಲ್ಲ ನಿಮ್ಮದು.